ಕಬ್ಬಿಣಕ್ಕೆ ಕಿವುಡಾದ ಯಂತ್ರ

ಮಲ್ಲೇಶ್ವರಿ ಹುಡುಕುತ್ತಿದ್ದದ್ದು ನಿಧಿಯನ್ನಲ್ಲ. ಇದನ್ನು ವನದುರ್ಗದವರಿಗೆ ಹೇಳಿ ಹೇಳಿ ಅವಳ ಗಂಟಲು ಒಣಗಿಹೋಗಿತ್ತು. ಕೋಟೆ ಇರುವ ಊರಲ್ಲಿ ಯಾರಾದರೂ ನೆಲಕ್ಕೆ ಯಂತ್ರ ಹಿಡಿದರೆ ಜನ ಇನ್ನೇನು ತಿಳಿದಾರು? ಹೊನ್ನಿನ ಕೊಪ್ಪರಿಗೆ ಸಿಕ್ಕಿತಂತೆ, ಸರ್ಪ ಸುತ್ತಿಕೊಂಡು ಕೂತಿತ್ತಂತೆ ಎಂಬ ಸುದ್ದಿ ಮೊದಲ ದಿನ ಮಧ್ಯಾಹ್ನದೊಳಗೇ ಹುಟ್ಟಿ ಶಹಾಪುರದ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಂದಿತ್ತು. ಹೊಲದ ಯಜಮಾನ ವೆಂಕಪ್ಪನಂತೂ ಛತ್ರಿ ಬಿಚ್ಚಿಕೊಂಡು ಬದುವಿನ ಮೇಲೆ ಕೂತವನು ನೀರು ಕುಡಿಯಲೂ ಏಳುತ್ತಿರಲಿಲ್ಲ. ಎದ್ದರೆ ಎಲ್ಲಿ ತನ್ನ ಪಾಲು ತಪ್ಪುತ್ತದೋ ಎಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು.

ಅವಳು ಹುಡುಕುತ್ತಿದ್ದದ್ದು ತಾಯಿಯನ್ನು. ಬಸ್ಸಮ್ಮ ಚೊಚ್ಚಲ ಹೆರಿಗೆಗೆಂದು ವನದುರ್ಗದ ತವರಿಗೆ ಬಂದವಳು, ಮಲ್ಲೇಶ್ವರಿಯನ್ನು ಹೆತ್ತ ದಿನವೇ ತೀರಿಕೊಂಡಳು. ಹಾಗೆ ಸತ್ತವಳನ್ನು ಮನೆತನದ ಹೊಲದಲ್ಲಿ ಹಿರಿಯರ ಸಾಲಿಗೆ ಹೂಳಲಿಲ್ಲ. ಊರಾಚೆ ಹಳ್ಳದ ದಂಡೆಗೆ ಒಯ್ದು ಮಣ್ಣು ಕೊಟ್ಟು, ಗುರುತಿಗೆ ಒಂದು ಕಲ್ಲು ನಿಲ್ಲಿಸಿ ಬಂದರು. ಆಮೇಲೆ ಕಾಲುವೆ ನೀರು ಬಂತು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳನ್ನು ಭತ್ತಕ್ಕೆಂದು ಜೆಸಿಬಿ ಹಚ್ಚಿ ಸಮ ಮಾಡಿದರು. ದಿಬ್ಬ ಹೋಗಿ ತಗ್ಗು ತುಂಬಿತು, ಕಲ್ಲು ಯಾವ ಬದುವಿನೊಳಗೆ ಸೇರಿತೋ ಶಿವನೇ ಬಲ್ಲ.

ಮಣ್ಣಿಗೆ ಹೋಗಿದ್ದ ಗಂಡಸರಲ್ಲಿ ಕೊನೆಗೆ ಉಳಿದವನು ಸೋದರಮಾವ ಅಮರಪ್ಪ, ಬಸ್ಸಮ್ಮನ ಅಣ್ಣ. ತಾಯಿಯಿಲ್ಲದ ಕೂಸನ್ನು ಅವನೂ ಅವನ ಹೆಂಡತಿ ಗೊಲ್ಲಾಳಮ್ಮನೂ ಸಾಕಿ, ಶಹಾಪುರದ ಶಿವರಾಜನಿಗೆ ಕೊಟ್ಟು ಮದುವೆ ಮಾಡಿದರು. ಜಾಗ ಎಲ್ಲಿ ಎಂದು ಕೇಳಿದಾಗಲೆಲ್ಲ ಅಮರಪ್ಪ, "ನಿನಗೊಂದು ಕೂಸಾಗ್ಲಿ ತಡಿ, ಕರಕೊಂಡು ಹೋಗಿ ತೋರಸ್ತೀನಿ" ಎನ್ನುತ್ತಿದ್ದ. ಕೂಸಾಗುವ ಹೊತ್ತಿಗೆ ಅವನಿಗೆ ಲಕ್ವಾ ಹೊಡೆದು ಬಾಯಿಯೇ ಬಿದ್ದುಹೋಯಿತು. ಬಾಯಿ ತೆರೆಯದೇ ಹೋಗಿಬಿಟ್ಟ. ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ಇರಲಿಲ್ಲವಾಗಿ ಗೊಲ್ಲಾಳಮ್ಮನಿಗೂ ಗೊತ್ತಿಲ್ಲ.

ನಲವತ್ತು ದಾಟುವ ತನಕ ಸುಮ್ಮನಿದ್ದವಳು ಈಗ ಏಕೆ ಎದ್ದಳು ಎಂದರೆ, ಮಗಳು ಸುನಿತಾ ಚೊಚ್ಚಲ ಹೆರಿಗೆಗೆ ಶಹಾಪುರದ ಮನೆಗೆ ಬಂದಿದ್ದಳು. ದಿನ ತುಂಬಿದ್ದವು. ನೋಡಲು ಬಂದ ಗೊಲ್ಲಾಳಮ್ಮ ಹುಡುಗಿಯ ಹೊಟ್ಟೆಯ ಮೇಲೆ ಕೈಯಾಡಿಸಿ, ಹೊರಗೆ ಪಡಸಾಲೆಗೆ ಬಂದು ಮಲ್ಲೇಶ್ವರಿಯ ಕಿವಿಯಲ್ಲಿ ಹೇಳಿದ್ದು ಇಷ್ಟು: "ಬಾಣಂತಿ ಸತ್ತಾಕಿ ಕಾಲಿಗೆ ಸೀರಿ ಮುಟ್ಟಸ್ಬೇಕವ್ವಾ. ನಿಮ್ಮವ್ವಗ ಇಷ್ಟ ವರ್ಷಾದ್ರೂ ಮುಟ್ಟಿಲ್ಲ. ನೀ ಹಡಿಯೂ ಮುಂದ ಕಲಬುರ್ಗಿ ದವಾಖಾನ್ಯಾಗಿದ್ದಿ, ದೂರ ಇತ್ತು, ಪಾರಾದಿ. ಈ ಹುಡುಗಿ ಹೆರಿಗಿಗೆ ಅಕಿ ಬಂದು ನಿಂದರ್ತಾಳ ನೋಡು."

ಎಂಥ ಮಾತು! ತುಂಬಿದ ಬಸುರಿ ಇರುವ ಮನೆಯಲ್ಲಿ ಆಡುವ ಮಾತೇ ಅದು? ಮಲ್ಲೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅಂದಿನಿಂದ ಮಗಳ ಮುಖ ನೋಡಿದಾಗಲೆಲ್ಲ ಎದೆಯಲ್ಲಿ ಕಲ್ಲು ಇಟ್ಟಂತಾಗುತ್ತಿತ್ತು. ತನ್ನನ್ನು ಹೆತ್ತು ಒಬ್ಬಳು ಹೋದಳು. ತನ್ನ ಮಗಳೂ ಹಾಗೇ ಹೋದರೆ? ಸೀರೆ ಮುಟ್ಟಿಸುವುದಕ್ಕೆ ಕಾಲು ಎಲ್ಲಿವೆ ಎಂದು ಗೊತ್ತಾಗಬೇಕಲ್ಲ!

ದಾರಿ ತೋರಿಸಿದ್ದೂ ಗೊಲ್ಲಾಳಮ್ಮನೇ. "ಅಕಿ ಕಾಲಾಗಿನ ಬೆಳ್ಳಿ ಕಡಗ ಯಾರೂ ಬಿಚ್ಚಿಲ್ಲ. ಅಂಥಾಕಿ ಮೈಮ್ಯಾಲಿಂದು ಯಾರ ಮುಟ್ಟತಾರ? ನಮ್ಮಿಬ್ಬರಿಗೂ ಒಬ್ಬ ಪತ್ತಾರ ಒಂದ ದಿವಸ ಮಾಡಿದ್ದು. ನನ್ನವು ಇಕಾ," ಎಂದು ತನ್ನ ಕಾಲು ಮುಂದೆ ಚಾಚಿದಳು. ಹೆಬ್ಬೆರಳ ದಪ್ಪದ ಕಡಗಗಳು. ಪೈಪು, ಮೋಟರು ಮಾರುವ ಅಂಗಡಿಯ ಗಲ್ಲೆಯ ಮೇಲೆ ಕೂರುವ ಮಲ್ಲೇಶ್ವರಿಗೆ ಆಗ ಆಸೀಫ್ ನೆನಪಾದ.

ಆಸೀಫ್ ಯಾದಗಿರಿಯವನು. ನೆಲದೊಳಗೆ ಹೂತುಹೋದ ಪೈಪು, ವಾಲ್ವು, ಕೇಬಲು ಹುಡುಕಿಕೊಡುವುದು ಅವನ ಕಸುಬು. ಅರ್ಧ ತಲೆ ನರೆತಿದ್ದರೂ ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತರ ಹುರುಪು. ಅವನು ನೆಲದೊಳಗಿನ ಲೋಹ ಪತ್ತೆ ಹಚ್ಚುವ ಎರಡು ಯಂತ್ರ ತಂದ. ಒಂದು ಹಳದಿ, ಒಂದು ಕರಿದು. ಹಳದಿಗೆ 'ಸಾಲಿ ಮಾಸ್ತರ' ಎಂದೂ ಕರಿದಕ್ಕೆ 'ಬಾಯಿಬಡಕಿ' ಎಂದೂ ಹೆಸರಿಟ್ಟಿದ್ದ.

"ಯಕ್ಕಾ, ಈ ಮಾಸ್ತರ ಭಾಳ ಹುಷಾರ್. ಕಬ್ಬಿಣ ಬಂದ್ರ ಗುರ್ರ್ ಅಂತಾನ, ಬೆಳ್ಳಿ ಬಂದ್ರ ಕುಂಯ್ ಅಂತ ಹಾಡ್ತಾನ. ಕಬ್ಬಿಣ ಬ್ಯಾಡ ಅಂತ ಹೇಳಿದ್ರ ಕಬ್ಬಿಣಕ್ಕ ಕಿವುಡಾಗಿ ಬಿಡ್ತಾನ. ಆದ್ರ ಆಳಕ್ಕ ಇಳಿಯಾಂಗಿಲ್ಲ. ಈ ಬಾಯಿಬಡಕಿ ಇದ್ದಾಳಲ್ಲ, ಎದಿಮಟ ಇಳಿತಾಳ. ಆದ್ರ ಬೆಳ್ಳಿ ಯಾವ್ದು ತಗಡು ಯಾವ್ದು, ತಿಳಿಯಾಂಗಿಲ್ಲ. ಎಲ್ಲದಕ್ಕೂ ಒಂದ ನಮೂನಿ ಬಾಯಿ ಮಾಡ್ತಾಳ."

"ಎರಡರಾಗ ಚಲೋ ಯಾವ್ದೋ?"

"ಅರೇ, ಚಲೋದು ಕೆಟ್ಟದ್ದು ಅಂತ ಏನಿಲ್ಲ. ಏನ್ ಕೇಳಬೇಕು ಅಂತ ನಾವು ಹೇಳ್ತೀವಿ, ಅವು ಅಷ್ಟ ಕೇಳ್ತಾವ."

ಇಬ್ಬರೂ ವನದುರ್ಗದಲ್ಲಿ ಗೊಲ್ಲಾಳಮ್ಮನ ಮನೆಯಲ್ಲೇ ಇಳಿದುಕೊಂಡರು. ಮಗಳನ್ನು ಬಿಟ್ಟು ಬರಲು ಮಲ್ಲೇಶ್ವರಿಗೆ ಮನಸ್ಸಿರಲಿಲ್ಲ. ಆದರೆ ಶಿವರಾಜ, "ನಾ ಇರ್ತೀನಿ, ಬಾಜೂಮನಿಯವರೂ ಅದಾರ, ಹೋಗಿ ಮುಗಿಸ್ಕೊಂಡು ಬಾ" ಎಂದು ಕಳಿಸಿದ್ದ.

ಮೊದಲ ಬೆಳಿಗ್ಗೆ ಗೊಲ್ಲಾಳಮ್ಮನ ಒಂದು ಕಡಗ ಬಿಚ್ಚಿಸಿ ಹೊಲದ ಮೂಲೆಯಲ್ಲಿ ಹೂತು ಪರೀಕ್ಷೆ ಮಾಡಿದರು. ಮೊಳದಾಳಕ್ಕೆ ಮಾಸ್ತರ ಬಾಯ್ತುಂಬ ಹಾಡಿದ. ಟೊಂಕದಾಳಕ್ಕೆ ಇಟ್ಟರೆ ಮಾತೇ ಇಲ್ಲ. ಎರೆಮಣ್ಣೇ ಹಾಗೆ, ಅದರಲ್ಲೇ ಕಬ್ಬಿಣದಂಶ ಇರುವುದರಿಂದ ಯಂತ್ರದ ಚುರುಕು ಹೆಚ್ಚಿಸಿದಷ್ಟೂ ನೆಲವೇ ಗುನುಗುಡುತ್ತದೆ. ಆಸೀಫ್ ಚುರುಕನ್ನು ತಗ್ಗಿಸಿದ, ಅದು ಬಿಡುವ ಅಲೆಯ ಕಂಪನವನ್ನು ಇಳಿಸಿದ, ತುದಿಯ ಸಣ್ಣ ತಂತಿ ಬಳೆ ತೆಗೆದು ದೊಡ್ಡ ಬಳೆ ಹಾಕಿದ, ಯಂತ್ರವನ್ನು ನೆಲದ ಮೇಲೆ ಏರಿಸಿ ಇಳಿಸಿ ಮಣ್ಣಿನ ಗುನುಗು ಅಡಗಿಸಿದ. ಆಗ ಮಾಸ್ತರನ ಕಿವಿಗೆ ಬೆಳ್ಳಿ ಬಿತ್ತು. ತೀರ ಸಣ್ಣಗೆ, ಬೇರೆ ಕೋಣೆಯಲ್ಲಿ ಯಾರೋ ಕಾಲಾಡಿಸಿದಂತೆ. ಎದೆಯಾಳಕ್ಕೆ ಇಳಿಸಿದಾಗ ಮಾತ್ರ ಅವನು ಪೂರ್ತಿ ಸೋತ, ಬಾಯಿಬಡಕಿ ಒಬ್ಬಳೇ ಕೂಗಿದಳು.

ಅಂತೂ ಲೆಕ್ಕ ಹೀಗಾಯಿತು: ಮಣ್ಣು ಕೆರೆದು ಕೆಳಗಾದ ಕಡೆ ಮಾಸ್ತರ, ಮಣ್ಣು ತುಂಬಿ ಮೇಲಾದ ಕಡೆ ಬಾಯಿಬಡಕಿ. ಕಬ್ಬಿಣವನ್ನು ಮಾಸ್ತರನ ಕಿವಿಯಿಂದ ತೆಗೆದುಹಾಕಿದರು. ಬೇಕಾಗಿದ್ದದ್ದು ಬೆಳ್ಳಿ, ಕಬ್ಬಿಣ ಕಟ್ಟಿಕೊಂಡು ಏನು ಮಾಡುವುದು? ಹೊಲವೆಂದರೆ ನೇಗಿಲ ಕುಳ, ಬಂಡಿ ಪಟ್ಟಿ, ಮುರಿದ ಕುಡುಗೋಲು. ಅದಕ್ಕೆಲ್ಲ ಕಿವಿ ಕೊಟ್ಟರೆ ಮುಂದಿನ ಸುಗ್ಗಿಯೂ ಮುಗಿಯುತ್ತದೆ.

ಊರಿನಿಂದ ಹಳ್ಳದವರೆಗಿನ ನೆಲವನ್ನು ಅಡ್ಡ ಅಡ್ಡ ಪಟ್ಟಿಗಳಾಗಿ ಹಗ್ಗ ಕಟ್ಟಿ, ದಿನಕ್ಕಿಷ್ಟು ಎಂದು ಯಂತ್ರ ಆಡಿಸುತ್ತ ಹೊರಟರು. ಮಾಸ್ತರ ನಿಜಾಮರ ಕಾಲದ ಎರಡು ಕಾಸು, ಎತ್ತಿನ ಕೊರಳ ಗೆಜ್ಜೆ ತೋರಿಸಿದ. ಬಾಯಿಬಡಕಿ ಕೂಗಿದಲ್ಲೆಲ್ಲ ಅಗೆದು ಅಗೆದು ಕೈ ಬೊಬ್ಬೆ ಬಂದವು. ಕೋಟೆಯಿಂದ ಎಂದೋ ಹಾರಿಬಂದ ಗುಂಡೊಂದು ಸಿಕ್ಕಿತು. ವೆಂಕಪ್ಪ ಅದನ್ನು ಬಾಚಿಕೊಂಡು ಹೊನ್ನಿರಬಹುದೆಂದು ಕಡಿದು ನೋಡಿದ. ಉಳಿದದ್ದೆಲ್ಲ ಕಸ. ನಡುನಡುವೆ ಗೇಣುದ್ದದ ಮೊಳೆಗಳು, ಕಮ್ಮಾರ ಕುಲುಮೆಯಲ್ಲಿ ಬಡಿದು ಮಾಡಿದಂಥವು, ಮೂರು ಮೂಲೆಯ ತಲೆ. ಎರೆಭೂಮಿ ಬೇಸಿಗೆಗೆ ಬಾಯಿಬಿಟ್ಟಾಗ ಬಿರುಕಿನೊಳಗೆ ಜಾರಿ ಆಳಕ್ಕೆ ಹೋಗಿದ್ದವು.

"ಬೇಕಾರ್ ಸಾಮಾನ," ಎಂದು ಆಸೀಫ್ ಮೊಳೆಗಳನ್ನು ಬಕೀಟಿಗೆ ಎಸೆಯುತ್ತಿದ್ದ.

ಮೊದಲ ಮೊಳೆ ಬಕೀಟಿಗೆ ಬಿದ್ದ ಮಧ್ಯಾಹ್ನವೇ ಸುನಿತಾಳ ಫೋನ್ ಬಂತು.

"ಅವ್ವಾ, ಮನಿ ಮುಂದಿನ ಬೇವಿನ ಗಿಡದ ಬುಡಕ ಯಾರೋ ಒಬ್ಬಾಕಿ ನಿಂತಾಳ. ಹಸರ ಸೀರಿ. ಈ ಕಡೆನೇ ನೋಡಾಕತ್ತಾಳ."

"ಯಾರರ ಭಿಕ್ಷಾದಾಕಿ ಇರಬೇಕು ತಗೋ. ಬಿಸಲಾಗ ಹೊರಗ ನಿಂದರಬ್ಯಾಡ, ಮಲಕ್ಕೋ ಹೋಗು."

ಮರುದಿನ ಇನ್ನೆರಡು ಮೊಳೆ ಸಿಕ್ಕವು. ಮಟಮಟ ಮಧ್ಯಾಹ್ನ ಮತ್ತೆ ಫೋನು. "ಇವತ್ತ ಅಂಗಳದಾಗ ಬಂದಾಳವ್ವಾ, ನೀರಿನ ಡ್ರಮ್ಮಿನ ಬಾಜೂಕ. ಮೊಣಕಾಲ ಮಟ ಎರಿಮಣ್ಣು ಮೆತ್ತೈತಿ. ಅಪ್ಪನ ಕರದೆ, ಅಪ್ಪಗ ಕಾಣಾಂಗಿಲ್ಲಂತ. ನನಗ ಹುಚ್ಚರ ಹಿಡದದೇನು?"

ಮಲ್ಲೇಶ್ವರಿ ಫೋನ್ ಹಿಡಿದುಕೊಂಡೇ ತನ್ನ ಕಾಲಿನ ಮಣ್ಣು ನೋಡಿಕೊಂಡಳು. ಶಹಾಪುರದ ಅವರ ಓಣಿಯಲ್ಲಿರುವುದು ಕಾಂಕ್ರೀಟು. ಮೊಣಕಾಲವರೆಗೆ ಎರೆಮಣ್ಣು ಮೆತ್ತಿಕೊಳ್ಳಬೇಕಾದರೆ ಯಾವುದಾದರೂ ಹೊಲದಿಂದ ಎದ್ದು ಬಂದಿರಬೇಕು. ಅತ್ತೆ ಗೊಲ್ಲಾಳಮ್ಮನಿಗೆ ಏನೂ ಹೇಳಲಿಲ್ಲ. ಹೇಳಿದರೆ ಆ ಮುದುಕಿ ಊರಿಗೆಲ್ಲ ಡಂಗುರ ಸಾರುತ್ತಾಳೆ.

ಆ ಸಂಜೆ ಮೂವರೂ ಊಟಕ್ಕೆ ಕೂತಾಗ ಗಾಳಿಗೆ ತಲೆಬಾಗಿಲು ತಾನಾಗಿ ತೆರೆದುಕೊಂಡಿತು. ಆಸೀಫ್ ಎದ್ದು ಹಾಕಲು ಹೋದರೆ ಚಿಲಕವೇ ಇಲ್ಲ.

"ಎಲ್ಲಿಂದು ಬರಬೇಕಪಾ," ಎಂದಳು ಗೊಲ್ಲಾಳಮ್ಮ. "ನಮ್ಮನ್ಯಾವ್ರು ಕಿತ್ತು ಒಗದಿದ್ರು. ಕೇಳಿದ್ರ ಸೆಕಿ ಆಗ್ತದ ಅಂತಿದ್ರು. ಚಳಿಗಾಲದಾಗೂ ಸೆಕಿ! ಒಮ್ಮೆ ನಾಯಿ ಬಂದು ರೊಟ್ಟಿ ಬುಟ್ಟಿ ಕಚ್ಚಿಕೊಂಡು ಹೋತು. ಆದ್ರೂ ಆ ಮನುಷ್ಯಾಗ ಬುದ್ಧಿ ಬರಲಿಲ್ಲ. ಸಾಯೂತನಕ ಒಂದು ದಿನ ಬಾಗಲಾ ಹಾಕಗೊಡಲಿಲ್ಲ ನನಗ." ಆಮೇಲೆ ಮಲ್ಲೇಶ್ವರಿಯ ಕಡೆ ತಿರುಗಿ, "ನೀ ಸಣ್ಣಾಕಿದ್ದಾಗ ಅಳಾಕ ಹತ್ತಿದ್ರ ಊರ ಎಬ್ಬಸ್ತಿದ್ದಿ. ನಾ ಎದ್ದು ಬರೂದ್ರಾಗ ತಾನ ಸುಮ್ಮಾಗ್ತಿದ್ದಿ. ಬಾಗಲಾ ನೋಡಕೋತ ನಗ್ತಿದ್ದಿ. ಅಂಥಾ ಕೂಸ ನಾ ಎಲ್ಲೂ ನೋಡಿಲ್ಲ," ಎಂದಳು.

ಮಲ್ಲೇಶ್ವರಿ ಬಾಗಿಲ ಕಡೆ ತಿರುಗಿ ನೋಡಿದಳು.

ಮೂರನೆಯ ದಿನ ಹಳ್ಳದ ಹತ್ತಿರದ ಪಟ್ಟಿಗಳಲ್ಲಿ ಮತ್ತೆ ಮೊಳೆ. ಮಧ್ಯಾಹ್ನದ ಫೋನಿಗೆ ಅವಳು ಕಾಯುತ್ತಲೇ ಇದ್ದಳು. ಸುನಿತಾ ಮಾತಾಡಲಿಲ್ಲ, ಬಿಕ್ಕುತ್ತಿದ್ದಳು. "ಹೊಸ್ತಿಲ ಮ್ಯಾಲ ನಿಂತಿದ್ಳವ್ವಾ. ಕೈ ಹಿಂಗ ಹಿಡಕೊಂಡಾಳ, ಕೂಸಿನ ಎತಗೊಂಡಂಗ, ಆದ್ರ ಕೈಯಾಗ ಏನೂ ಇಲ್ಲ. 'ಕೂಸು ಎಲ್ಲದ?' ಅಂತ ಕೇಳಿದ್ಳು. ನಾ ಹೊಟ್ಟಿ ಹಿಡಕೊಂಡು ಒಳಗ ಓಡಿ ಬಂದೆ. ಅವ್ವಾ, ಅಕಿ ನನ್ನ ಕೂಸಿನ ಕೇಳಾಕತ್ತಾಳ!"

ಮಲ್ಲೇಶ್ವರಿ ಯಂತ್ರ ಅಲ್ಲೇ ಕೆಡವಿ ಗೊಲ್ಲಾಳಮ್ಮನ ಮನೆಗೆ ಓಡಿದಳು. ಹಿಂದಿನಿಂದ ಬಕೀಟು ಹಿಡಿದು ಆಸೀಫ್. ಮಲ್ಲೇಶ್ವರಿ ಉಸಿರು ಕಟ್ಟಿಕೊಂಡು ಎಲ್ಲವನ್ನೂ ಒದರಿದಳು. ಗೊಲ್ಲಾಳಮ್ಮ ಕೇಳುತ್ತಿದ್ದವಳು ನಡುವೆ ಬಕೀಟಿನೊಳಗೆ ಇಣುಕಿದಳು. ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

"ಇವ್ನ ಎಲ್ಲಿಂದ ಕಿತ್ತ್ರಿ?"

"ಹೊಲದಾಗ ಸಿಕ್ಕಾವತ್ತಿ. ಕಸ."

"ಕಸ? ನಿಮ್ಮ ಕೈ ಸೇದಿಹೋಗ್ಲಿ!" ಮುದುಕಿ ಎದೆ ಎದೆ ಬಡಿದುಕೊಂಡಳು. "ಬಾಣಂತಿ ಸತ್ತಾಕಿ ಹಿಂದ ತಿರುಗಿ ಕೂಸಿಗಂತ ಬರಬಾರ್ದು ಅಂತ ದಾರಿಗೆ ಮೊಳಿ ಹೊಡಿತಾರ. ಮಣ್ಣು ಕೊಟ್ಟು ಬರೂ ಮುಂದ ಕಡೀಕಿನ ಮನುಷ್ಯ ನಡನಡಕ ಒಂದೊಂದು ಬಡಕೋತ ಬರ್ತಾನ. ನಿಮ್ಮ ಮಾವನೇ ಬಡದಿದ್ದ. ಅಕಿನ್ನ ಕಟ್ಟಿ ಹಾಕಿದ್ದು ಅವೇ ಮೊಳಿ. ನೀವು ಒಂದೊಂದು ಕೀಳತೀರಿ, ಅಕಿ ಒಂದೊಂದು ಹೆಜ್ಜಿ ಬರ್ತಾಳ!"

ಆಸೀಫ್ ಬಕೀಟನ್ನು ನೆಲಕ್ಕಿಟ್ಟು ಹಿಂದೆ ಸರಿದ. ಮಲ್ಲೇಶ್ವರಿ ಬಕೀಟನ್ನೇ ನೋಡುತ್ತಿದ್ದಳು. ತಾನೇ ತನ್ನ ಕೈಯಾರೆ ಅಗೆದು, ಮಣ್ಣು ಒರೆಸಿ ಎತ್ತಿದ ಮೊಳೆಗಳು. ಮಗಳನ್ನು ಉಳಿಸಬೇಕೆಂದು ಬಂದವಳು ಮಗಳ ಮನೆಗೆ ದಾರಿ ಬಿಡಿಸಿ ಕೊಟ್ಟಿದ್ದಳು.

"ಹೋಗು, ಈಗಿಂದೀಗ ಹೋಗು," ಗೊಲ್ಲಾಳಮ್ಮ ಸುತ್ತಿಗೆ ತಂದು ಅವಳ ಕೈಗೆ ತುರುಕಿದಳು. "ಎಲ್ಲಿ ಕಿತ್ತೀಯೋ ಅಲ್ಲೇ ಬಡಿ. ಒಂದ ಉಳಿಸಿ ಇಟಗೋ, ಶಹಾಪುರಕ್ಕ ಒಯ್ದು ನಿಮ್ಮ ಹೊಸ್ತಿಲಕ್ಕ ಬಡಿ. ಸುನಿತಾಗ ಹೇಳು, ಬಾಗಲಾ ಹಾಕ್ಕೊಂಡು ಕುಂದ್ರು ಅಂತ."

ಮಲ್ಲೇಶ್ವರಿ ಫೋನಿನಲ್ಲಿ ಹಾಗೆಯೇ ಹೇಳಿ, ಹೊಸ ಸೀರೆಯ ಚೀಲ ಒಂದು ಕೈಯಲ್ಲಿ, ಸುತ್ತಿಗೆ ಇನ್ನೊಂದು ಕೈಯಲ್ಲಿ ಹಿಡಿದು ಹೊಲಕ್ಕೆ ತಿರುಗಿ ಹೋದಳು, ಹಿಂದೆ ಬಕೀಟು ಹಿಡಿದ ಆಸೀಫ್. ಬದುವಿನ ಮೇಲೆ ಹತ್ತಿ ನಿಂತಾಗ, ಇಷ್ಟು ದಿನ ಅಡ್ಡ ಅಡ್ಡ ನಡೆದವರಿಗೆ ಕಾಣದ್ದು ಈಗ ಕಂಡಿತು. ಮೊಳೆ ಕಿತ್ತ ಗುಂಡಿಗಳ ಹಸಿ ಮಣ್ಣು ಒಂದೇ ಸಾಲಿನಲ್ಲಿತ್ತು. ಗೊಲ್ಲಾಳಮ್ಮನ ಮನೆಯ ಕಡೆಯಿಂದ ಹೊರಟು, ಸ್ವಲ್ಪ ಬಾಗಿ, ಹಳ್ಳದ ಕಡೆಗೆ ಹೋಗುತ್ತಿತ್ತು. ಹಳೆಯ ಕಾಲುದಾರಿ. ಭತ್ತದ ಮಡಿಗಳು ಅದನ್ನು ಅಳಿಸಿದ್ದವು, ಮೊಳೆಗಳು ಉಳಿಸಿಕೊಂಡಿದ್ದವು.

"ಆಸೀಫ್, ಮಾಸ್ತರನ ಕಿವಿಯಾಗಿನ ಹತ್ತಿ ತಗಿ. ಕಬ್ಬಿಣಾನೂ ಕೇಳಲಿ."

ಅವನು ಗುಂಡಿ ಒತ್ತಿದ. ಮಾಸ್ತರ ಮೊದಲು ಮೂಕನಂತೆ ದಾಟಿ ಹೋಗಿದ್ದ ನೆಲದಲ್ಲೇ ಈಗ ಗುರ್ರ್ ಎಂದ. ಇನ್ನೂ ಕೀಳದ ಮೊಳೆಗಳು ಅಲ್ಲಿದ್ದವು. ಬೆಳ್ಳಿ ಬೆಳ್ಳಿ ಎಂದು ಹಂಬಲಿಸಿ ಕಬ್ಬಿಣಕ್ಕೆ ಕಿವುಡು ಮಾಡಿದ್ದರಲ್ಲ, ಅವಳ ತಾಯಿ ಎಲ್ಲಿದ್ದಾಳೆಂದು ಅಂದಿನಿಂದ ಹೇಳುತ್ತಿದ್ದದ್ದು ಆ ಕಬ್ಬಿಣವೇ. ಒಂದು ಮೊಳೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ನಡೆದರು. ಸಾಲು ಹಳ್ಳದ ದಂಡೆಯ ಒಂದು ಜಾಲಿಗಿಡದ ಹತ್ತಿರ ನಿಂತಿತು. ಅದರಾಚೆ ಕಬ್ಬಿಣವಿಲ್ಲ. ನಾಲ್ಕು ಹೆಜ್ಜೆ ಮುಂದೆ ಬಾಯಿಬಡಕಿ ಎಂದೂ ಕೂಗದ ಹಾಗೆ ಕೂಗಿದಳು, ಉದ್ದಕ್ಕೆ, ತಗ್ಗಿದ ದನಿಯಲ್ಲಿ. ಆಸೀಫ್ ಮಾಸ್ತರನಿಗೆ ದೊಡ್ಡ ಬಳೆ ಹಾಕಿ, ಅಲೆ ಇಳಿಸಿ, ಮಣ್ಣಿನ ಗುನುಗು ಅಡಗಿಸಿ, ಮೆಲ್ಲಗೆ ಆಡಿಸಿದ.

ಸಣ್ಣಗೆ ಕೇಳಿಸಿತು. ಗೊಲ್ಲಾಳಮ್ಮನ ಕಡಗ ಹೂತಾಗ ಕೇಳಿದ್ದ ಅದೇ ಸ್ವರ. ಒಂದು ಕಡೆ ಒಮ್ಮೆ, ಪಕ್ಕದಲ್ಲಿ ಇನ್ನೊಮ್ಮೆ. ಎರಡು ಕಾಲು.

ವೆಂಕಪ್ಪ ಸಲಿಕೆ ಎತ್ತಿಕೊಂಡು ಓಡಿ ಬಂದ. ಆಸೀಫ್ ಅವನ ಎದೆಗೆ ಅಡ್ಡ ಕೈ ಇಟ್ಟು, "ಮಾಮಾ, ಅಕಿ ಅವ್ವ ಮಲಗ್ಯಾಳ್ರಿ ಇಲ್ಲಿ," ಎಂದ. ವೆಂಕಪ್ಪ ಸಲಿಕೆ ಅಲ್ಲೇ ಬಿಟ್ಟು, ಕಾಲಿನ ಚಪ್ಪಲಿ ಬಿಚ್ಚಿ ದೂರ ಸರಿದ. ಆಸೆಬುರುಕನಾದರೂ ತಾಯಿ ಹೆತ್ತ ಮಗನೇ ತಾನೇ.

ಮಲ್ಲೇಶ್ವರಿ ಮಣ್ಣಿನ ಮೇಲೆ ಕೂತಳು. ಸಾಕಿದವಳನ್ನು ಹುಟ್ಟಿದಾಗಿನಿಂದ 'ಅತ್ತಿ' ಎಂದೇ ಕರೆದಿದ್ದಳು. ಬಾಯಲ್ಲಿ ಒಂದು ಶಬ್ದ ಎಂದೂ ಬಳಸದೆ ಹಾಗೇ ಉಳಿದುಬಿಟ್ಟಿತ್ತು. "ಅವ್ವಾ," ಎಂದಳು. ಮತ್ತೊಮ್ಮೆ ಎಂದಳು. ಆಮೇಲೆ ಅಳು ಬಂತು, ನಾಚಿಕೆಯಿಲ್ಲದ ದೊಡ್ಡ ಅಳು. ಚೀಲದಿಂದ ಹೊಸ ಹಸಿರು ಸೀರೆ ತೆಗೆದು ಕಾಲಿದ್ದ ಕಡೆ ಹಾಸಿದಳು, ಉಡಿಯಕ್ಕಿ, ಕೊಬ್ಬರಿ, ಉತ್ತತ್ತಿ ಇಟ್ಟಳು. ಇಷ್ಟಕ್ಕೇ ತಾನೇ ಬಂದಿದ್ದದ್ದು, ಇಷ್ಟು ಆಯಿತಲ್ಲ ಎಂದುಕೊಂಡಳು. ಆದರೆ ಬಕೀಟು ಪಕ್ಕದಲ್ಲೇ ಇತ್ತು, ಸುತ್ತಿಗೆಯೂ ಇತ್ತು.

ಒಂದು ಮೊಳೆ ಎತ್ತಿ ನೆಲಕ್ಕೆ ಊರಿದಳು. ಸುತ್ತಿಗೆ ಎತ್ತಿದಳು. ಕೈ ಇಳಿಯಲಿಲ್ಲ. ಹೆತ್ತ ದಿನವೇ ಕೂಸಿನಿಂದ ಅಗಲಿದವಳು, ಒಮ್ಮೆ ನೋಡಿ ಹೋಗುತ್ತೇನೆಂದು ಎದ್ದು ಬಂದರೆ ಹೆಜ್ಜೆಹೆಜ್ಜೆಗೂ ಕಬ್ಬಿಣ. ಯಾವ ತಪ್ಪಿಗೆ? ಮತ್ತೆ ಬಡಿಯುವುದು, ಅದೂ ಆ ಕೂಸೇ ಬಂದು ಬಡಿಯುವುದು! ಆದರೆ ಬಡಿಯದಿದ್ದರೆ ಅಲ್ಲಿ ಸುನಿತಾ. ಈ ಕಡೆ ತಾಯಿ, ಆ ಕಡೆ ಮಗಳು. ನಡುವೆ ಅವಳು. ಕೊನೆಗೆ ಮೊಳೆ ಬಕೀಟಿಗೆ ಹಾಕಿ ಎದ್ದಳು.

ಬಾಗಿಲಲ್ಲಿ ಕಾದಿದ್ದ ಗೊಲ್ಲಾಳಮ್ಮ ತುಂಬಿದ ಬಕೀಟು ನೋಡಿ ಕೆರಳಿದಳು. "ಹಂಗ ಬಂದಿ? ಮಗಳ ಜೀವಕ್ಕಿಂತ ಸತ್ತಾಕಿ ಹೆಚ್ಚಾದ್ಳೇನು? ಪುಣ್ಯಕ್ಕ ಈ ಹೊಸ್ತಿಲದ್ದು ಒಂದರ ಗಟ್ಟಿ ಅದ. ಎಲ್ಲಾಕಿಂತ ದೊಡ್ಡ ಮೊಳಿ ಇಲ್ಲೇ ಹೊಡಿಯೂದು. ನಾ ನಿನ್ನ ತೊಡಿಮ್ಯಾಲ ಹಾಕ್ಕೊಂಡು ಒಳಗ ಕುಂತಿದ್ದೆ. ಠಣ್, ಠಣ್, ಠಣ್ ಅಂತ ನನ್ನ ಕಿವಿಲೆ ಕೇಳೇನಿ. ಆ ಮೊಳಿ ಇರೂತನಾ ಈ ಮನ್ಯಾಗ ಅಕಿ ಕಾಲಿಡಾಂಗಿಲ್ಲ, ಇಟ್ಟೂ ಇಲ್ಲ."

ಮಲ್ಲೇಶ್ವರಿ ಹೊಸ್ತಿಲು ನೋಡಿದಳು. ಸವೆದು ನಡು ಬಾಗಿದ ಕಲ್ಲು, ಎರಡು ಮಗ್ಗಲಿಗೂ ಮಣ್ಣಿನ ಸಂದು.

"ಆಸೀಫ್, ಆಡಸಿ ನೋಡು."

ಮಾಸ್ತರ ಹೊಸ್ತಿಲ ಈ ತುದಿಯಿಂದ ಆ ತುದಿಗೆ ಹೋಗಿ ಬಂದ. ಮಾತಿಲ್ಲ.

"ಕಬ್ಬಿಣ ಬಂದ್ ಇಟ್ಟಿಯೇನೋ ಮತ್ತ?"

"ಇಲ್ಲ ಯಕ್ಕಾ, ಎಲ್ಲಾ ತೆರದದ." ಆಸೀಫ್ ಬಕೀಟಿನಿಂದ ಮೊಳೆಯೊಂದನ್ನು ತೆಗೆದು ಬಳೆಯ ಮುಂದೆ ಹಿಡಿದ. ಗುರ್ರ್ ಎಂದಿತು. ಮೊಳೆ ಬಿಸಾಕಿ ಮತ್ತೆ ಹೊಸ್ತಿಲ ಮೇಲೆ ಆಡಿಸಿದ. ಇಲ್ಲ. ಬಾಯಿಬಡಕಿಯನ್ನು ತಂದ. ಆ ಬಾಗಿಲು ಹಳೆಯದು, ಕಟ್ಟಿಗೆಯ ತಿರುಗಣಿಯ ಮೇಲೆ ತಿರುಗುವಂಥದ್ದು, ಚಿಲಕವಂತೂ ಇರಲೇ ಇಲ್ಲ. ಯಂತ್ರವನ್ನು ದಾರಿ ತಪ್ಪಿಸುವ ಬೇರೆ ಕಬ್ಬಿಣ ಅಲ್ಲಿ ಇರಲಿಲ್ಲ. ತಗಡಿನ ಚೂರಿಗೂ ಅರಚುವ ಬಾಯಿಬಡಕಿ ಹೊಸ್ತಿಲ ಒಳಗೆ, ಹೊರಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆ ಸುಮ್ಮನೇ ಹೋದಳು.

"ಇಲ್ಲಿ ಮೊಳಿ ಇಲ್ಲಮ್ಮಾ," ಎಂದ ಆಸೀಫ್. "ಎಂದೂ ಇದ್ದಿಲ್ಲ."

"ನಾ ಕೇಳೇನಿ ಅಂತ ಹೇಳಾಕತ್ತಿಲ್ಲೇನು!" ಎಂದು ಗದರಿದ ಗೊಲ್ಲಾಳಮ್ಮನ ಕಣ್ಣು ಕೆಳಗೆ ಹೋಯಿತು. ಹೊಸ್ತಿಲ ಕಲ್ಲಿನ ಹೊರಮೂಲೆಯಲ್ಲಿ ಮೂರು ಸಣ್ಣ ಚಕ್ಕೆ ಎದ್ದಿದ್ದವು. ದಿನಾ ಕಸ ಗುಡಿಸುವಾಗ ಕಾಣುತ್ತಿದ್ದವೇ. ಅಮರಪ್ಪ ಮೊಳೆಯಿಲ್ಲದೆ ಬರಿಯ ಕಲ್ಲಿಗೆ ಸುತ್ತಿಗೆ ಬಡಿದಿದ್ದ, 'ಆಯಿತು' ಎಂದು ಒಳಗಿನವರ ಕಿವಿಗೆ ಬೀಳಲಿ ಎಂದು. ದಾರಿಯಲ್ಲಿ ಊರ ಗಂಡಸರ ಕಣ್ಣೆದುರು ಮೊಳೆ ಬಡಿದುಕೊಂಡು ಬಂದವನು, ತನ್ನ ಬಾಗಿಲ ಹತ್ತಿರ ಒಬ್ಬನೇ ಆದಾಗ ತಂಗಿಗೆ ಬಾಗಿಲು ಮುಚ್ಚಲಾರದೇ ಹೋದ. ಆ ಮೇಲೆ ಚಿಲಕವನ್ನೂ ಕಿತ್ತು ಎಸೆದ.

ಗೊಲ್ಲಾಳಮ್ಮ ಹೊಸ್ತಿಲ ಒಳಗೇ ಕುಸಿದು ಕೂತಳು. ಕೈ ಚಾಚಿ ಆ ಚಕ್ಕೆಗಳನ್ನು ಸವರಿ, "ಹಂಗಾದ್ರ ಬರ್ತಿದ್ಳು," ಎಂದಳು. "ದಾರಿ ಬಿಟ್ಟು ಬದುವಿಗೆ ಬಿದ್ದು ಸುತ್ತು ಹಾಕಿ ಬರ್ತಿದ್ಳೇನೋ, ಬಾಗಲಾ ತೆರದಿತ್ತಲ್ಲಾ. ನೀ ಅದಕ್ಕ ಅಳೂದು ನಿಲ್ಲಸ್ತಿದ್ದಿ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ನಿನಗ ಏನೂ ಮಾಡಲಿಲ್ಲಲ್ಲವ್ವಾ ಅಕಿ. ತೂಗಿ ಮಲಗಿಸಿ ಹೋಗ್ತಿದ್ಳು."

ಮಲ್ಲೇಶ್ವರಿಗೆ ಆಗ ಎಲ್ಲ ತಿಳಿಯಿತು. ತನ್ನನ್ನು ಮದುವೆ ಮಾಡಿ ಶಹಾಪುರಕ್ಕೆ ಕಳಿಸಿದರು. ತಾಯಿಗೆ ಈ ಬಾಗಿಲು ಗೊತ್ತಿತ್ತೇ ಹೊರತು ಆ ಊರು ಗೊತ್ತಿರಲಿಲ್ಲ. ಈ ಮನೆಗೆ ಬಂದು ಬಂದು, ಖಾಲಿ ತೊಟ್ಟಿಲ ಜಾಗ ನೋಡಿ ನೋಡಿ ತಿರುಗಿ ಹೋಗಿದ್ದಾಳೆ. ಈಗ ಮೊಳೆ ಕಿತ್ತ ಕೈಯ ವಾಸನೆ ಹಿಡಿದು, ಆ ಕೈ ಹೊರಟು ಬಂದ ಹೊಸ ಮನೆಯವರೆಗೆ ಹೋಗಿದ್ದಾಳೆ. 'ಕೂಸು ಎಲ್ಲದ?' ಎಂದು ಕೇಳಿದ್ದಾಳೆ. ಅವಳು ಕೇಳಿದ್ದು ಇನ್ನೂ ಹುಟ್ಟದ ಕೂಸನ್ನಲ್ಲ, ತಾನು ಹೆತ್ತ ಕೂಸನ್ನು.

ಫೋನು ಬಡಿದುಕೊಂಡಿತು. ಸುನಿತಾ. ದನಿ ಬತ್ತಿಹೋಗಿತ್ತು.

"ಅವ್ವಾ, ನನಗ ಬ್ಯಾನಿ ಸುರು ಆಗ್ಯಾವ. ಅಪ್ಪ ಗಾಡಿ ತರಾಕ ಹೋಗ್ಯಾನ. ಬಾಗಲಾ ಹಾಕೀನಿ, ಅಕಿ ಹೊರಗ ನಿಂತಾಳ. ಬಡಿವಲ್ಳು, ಒದರವಲ್ಳು. ಅದನ್ನೇ ಕೇಳಾಕತ್ತಾಳ, ಕೂಸು ಎಲ್ಲದ, ಕೂಸು ಎಲ್ಲದ ಅಂತ. ನಾ ಏನ್ ಹೇಳಲಿ?"

ಮಲ್ಲೇಶ್ವರಿ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು. ಆಸೀಫ್ ಆಗಲೇ ಗಾಡಿ ಚಾಲೂ ಮಾಡಿದ್ದ.

"ಬಾಗಲಾ ತಗಿ," ಎಂದಳು. "ಹೆದರಬ್ಯಾಡ, ಅಕಿ ನಿಮ್ಮಜ್ಜಿ. ಒಳಗ ಕರದು ನಿನ್ನ ಬಾಜೂಕ ಕುಂದ್ರಸಿಕೋ. ಕೂಸು ವನದುರ್ಗದಿಂದ ಹೊಂಟದ, ದಾರ್ಯಾಗ ಅದ, ಈಗ ಬರ್ತದ ಅಂತ ಹೇಳು."